ಶಾಲೆ ಗೋಡೆ ಮೇಲೆ ಗಲ್ಪರ್ ಈಲ್: ಖಾಲಿ ಜಾಗ ಬಿಡುವುದೂ ಕೆಲಸವೇ

ನಾನು ಶಾಲೆ ಗೋಡೆಗಳ ಮೇಲೆ ಚಿತ್ರ ಬರೆಯುವವನು. ಓದಿದ್ದು ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ. ಕೆಲಸ ಹೆಚ್ಚಾಗಿ ಈ ಸುತ್ತಿನಲ್ಲೇ ಸಿಗುತ್ತದೆ: ದಾವಣಗೆರೆ, ಜಗಳೂರು, ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು. ನಮ್ಮ ಲೈನಿನವರಿಗೆ ಬರುವ ಆರ್ಡರ್ ಏನು ಅಂತ ನಿಮಗೂ ಗೊತ್ತು. ರೈಲು ಬೋಗಿ, ಮಗ್ಗಿ, ಕರ್ನಾಟಕದ ನಕ್ಷೆ, ಸೌರಮಂಡಲ, ಕೋಟೆ, ಒನಕೆ ಓಬವ್ವ. ಇವನ್ನೆಲ್ಲ ಕಣ್ಣು ಮುಚ್ಚಿಕೊಂಡೇ ಬರೆಯಬಹುದು ಅನ್ನುವಷ್ಟು ಕೈ ಪಳಗಿರುತ್ತದೆ. ಆದರೆ ಈಚೆಗೆ ಹೈಸ್ಕೂಲಿನವರು ವಿಜ್ಞಾನದ ಕೋಣೆಗೆ ಹೊಸ ಹೊಸ ವಿಷಯ ಕೇಳುತ್ತಿದ್ದಾರೆ. ಅಂಥ ಒಂದು ಗೋಡೆಯಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೋಡೆ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು. ಮೀನಿನ ಬಗ್ಗೆ ಆಸಕ್ತಿ ಇರುವವರಿಗಂತೂ ಖಂಡಿತ ಆಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲು. ಹಳೆ ವಿದ್ಯಾರ್ಥಿಗಳು ದುಡ್ಡು ಹಾಕಿ ವಿಜ್ಞಾನದ ಕೋಣೆ ರಿಪೇರಿ ಮಾಡಿಸಿದ್ದರು. ಒಳಗಿನ ಉದ್ದ ಗೋಡೆ, ಹತ್ತು ಅಡಿ ಎತ್ತರ, ಪೂರ್ತಿ ನನಗೆ ಬಿಟ್ಟಿದ್ದರು. ವಿಷಯ ಆಳ ಸಮುದ್ರ. ಅಲ್ಲಿನ ವಿಜ್ಞಾನ ಮೇಡಂ ಮೊದಲೇ ಒಂದು ಮೀನು ಆರಿಸಿಟ್ಟಿದ್ದರು, ಅದು ಗಲ್ಪರ್ ಈಲ್. ಪೆಲಿಕನ್ ಈಲ್ ಅಂತಲೂ ಕರೆಯುತ್ತಾರೆ. ಈಲ್ ಅಂದರೆ ಹಾವಿನ ಹಾಗೆ ಉದ್ದ ಮೈಯ ಮೀನು. ಹೆಡ್ ಮಾಸ್ಟರ್ ಮನಸ್ಸಿನಲ್ಲಿ ಇದ್ದದ್ದು ಬೇರೆ ಚಿತ್ರ: ಹವಳ, ಪಾಚಿಗಿಡ, ಆಮೆ, ನಕ್ಷತ್ರ ಮೀನು, ಮೂಲೆಯಲ್ಲೊಂದು ಶಾರ್ಕ್, ಇವುಗಳ ನಡುವೆ ಈ ಈಲ್ ಬಾಯಿ ತೆರೆದುಕೊಂಡು ಹತ್ತಡಿ ಉದ್ದಕ್ಕೆ ಇರಬೇಕು. ಎಲ್ಲ ಶಾಲೆಯಲ್ಲೂ ಸಮುದ್ರ ಅಂದರೆ ಹಾಗೇ ಬರೆದಿರುತ್ತಾರೆ, ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಮೀನಿನ ಬಗ್ಗೆ ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟ ಆಯಿತು. ಅದರ ಮೈ ಯಾಕೆ ಹಾಗಿದೆ ಅನ್ನುವುದಕ್ಕೆ ಉತ್ತರ ಅದರ ಸುತ್ತಲಿನ ಖಾಲಿತನದಲ್ಲೇ ಇದೆ. ಸುತ್ತ ಗಿಜಿಗಿಜಿ ತುಂಬಿಸಿದರೆ ಮೀನು ಸುಮ್ನೆ ಒಂದು ವಿಚಿತ್ರ ಪ್ರಾಣಿ ಆಗಿಬಿಡುತ್ತದೆ, ಮಕ್ಕಳಿಗೆ ಏನೂ ತಿಳಿಯುವುದಿಲ್ಲ.

ಮೊದಲು ಮೀನಿನ ಪರಿಚಯ ಮಾಡಿಕೊಡುತ್ತೇನೆ.

ವಿಜ್ಞಾನದ ಹೆಸರು ಯೂರಿಫ್ಯಾರಿಂಕ್ಸ್ ಪೆಲಿಕನಾಯ್ಡಿಸ್. ಫ್ರಾನ್ಸಿನ ಲಿಯೋನ್ ವೈಯಾಂ ಅನ್ನುವ ವಿಜ್ಞಾನಿ 1882ರಲ್ಲಿ ಇದನ್ನು ಮೊದಲು ವಿವರಿಸಿದರು. ಈ ಮೀನಿನ ಕುಟುಂಬದಲ್ಲಿ ಈವರೆಗೆ ಗೊತ್ತಿರುವ ಜಾತಿ ಇದೊಂದೇ. ಅಟ್ಲಾಂಟಿಕ್, ಪೆಸಿಫಿಕ್, ನಮ್ಮ ಹಿಂದೂ ಮಹಾಸಾಗರ, ಮೂರರಲ್ಲೂ ಇದೆ. ಸಾಮಾನ್ಯವಾಗಿ 500 ಮೀಟರಿನಿಂದ 3000 ಮೀಟರ್ ಆಳದ ನಡುವೆ ಬದುಕುತ್ತದೆ. ಉದ್ದ ಮುಕ್ಕಾಲು ಮೀಟರ್ ಆಸುಪಾಸು, ತೀರಾ ದೊಡ್ಡದು ಅಂದರೆ ಒಂದು ಮೀಟರ್. ಆ ಉದ್ದದಲ್ಲೂ ಬಹುಪಾಲು ಬರೀ ಬಾಲ. ಚಾವಟಿಯ ಹಾಗೆ ಸಣ್ಣಗಾಗುತ್ತಾ ಹೋಗುವ ಬಾಲ. ಮುಂದಿನ ಕಾಲು ಭಾಗ ತಲೆ ಮತ್ತು ದವಡೆ. ಅಂದರೆ ನೀವು ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ನಾಲ್ಕು ಸಮ ಭಾಗ ಗುರುತು ಹಾಕಿದರೆ ಒಂದು ಭಾಗ ಪೂರ್ತಿ ಬಾಯಿಗೇ ಹೋಗುತ್ತದೆ. ಬೇರೆ ಯಾವ ಮೀನಿಗೂ ನಾನು ಹೀಗೆ ಅಳತೆ ಹಾಕಿದ್ದಿಲ್ಲ.

ಬಾಯಿಯೇ ಈ ಮೀನಿನ ಮುಖ್ಯ ಸಂಗತಿ. ದವಡೆಯ ಮೂಳೆ ತೆಳ್ಳಗೆ, ಉದ್ದಕ್ಕೆ, ಕೀಲು ತುಂಬ ಹಿಂದೆ ಇದೆ. ಮುಚ್ಚಿಕೊಂಡಾಗ ತಲೆ ಚಪ್ಪಟೆಯಾಗಿ ಕಾಣುತ್ತದೆ, ಅಲ್ಲೊಂದು ದೊಡ್ಡ ಬಾಯಿ ಇದೆ ಅಂತ ಅನ್ನಿಸುವುದೇ ಇಲ್ಲ. ತೆರೆದಾಗ ಕೆಳದವಡೆಯ ಎರಡು ಕಡ್ಡಿಗಳ ನಡುವಿನ ಚರ್ಮ ಕೊಡೆ ಬಿಚ್ಚಿದ ಹಾಗೆ ಅಗಲವಾಗುತ್ತದೆ. ಒಳಗೆ ನೀರು ತುಂಬಿ ತಲೆ ಮೈಗಿಂತ ಎಷ್ಟೋ ಪಟ್ಟು ದಪ್ಪಗೆ ಉಬ್ಬುತ್ತದೆ. ಆಮೇಲೆ ಬಾಯಿ ಮುಚ್ಚಿ, ನೀರನ್ನು ನಿಧಾನವಾಗಿ ಕಿವಿರಿನ ಸಂದಿಯಿಂದ ಹೊರಗೆ ಬಿಟ್ಟು, ಒಳಗೆ ಉಳಿದದ್ದನ್ನು ನುಂಗುತ್ತದೆ.

ಇಷ್ಟು ದೊಡ್ಡ ಬಾಯಿ ಅಂದರೆ ದೊಡ್ಡ ದೊಡ್ಡ ಮೀನು ನುಂಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಅಂಥದ್ದೂ ಸಾಧ್ಯ ಇದೆ, ಹೊಟ್ಟೆಯೂ ಹಿಗ್ಗುತ್ತದೆ. ಆದರೆ ಹಿಡಿದ ಮೀನುಗಳ ಹೊಟ್ಟೆಯಲ್ಲಿ ಹೆಚ್ಚಾಗಿ ಸಿಕ್ಕಿರುವುದು ಸಣ್ಣ ಸಣ್ಣ ಸಿಗಡಿ ಜಾತಿಯವು, ಕೆಲವೊಮ್ಮೆ ಪುಟ್ಟ ಮೀನು. ಹಲ್ಲುಗಳೂ ತೀರಾ ಚಿಕ್ಕವು. ಕಚ್ಚಿ ಹಿಡಿಯುವ ಬೇಟೆಗಾರನ ಹಲ್ಲಲ್ಲ ಅವು. ನನಗೆ ಇದು ತುಂಬ ಮುಖ್ಯ ಅನ್ನಿಸಿತು. ನೆಟ್ಟಿನಲ್ಲಿ ಸಿಗುವ ಎಷ್ಟೋ ಚಿತ್ರಗಳಲ್ಲಿ ಈ ಮೀನಿಗೆ ಸೂಜಿಯಂಥ ಉದ್ದ ಹಲ್ಲು ಬರೆದಿರುತ್ತಾರೆ, ಹೆದರಿಸುವುದಕ್ಕೆ. ಆ ಹಲ್ಲು ಬರೆದ ಕ್ಷಣವೇ ಮೀನಿನ ಜೀವನ ಕ್ರಮವೇ ಬದಲಾಗಿಬಿಡುತ್ತದೆ. ಹೆಡ್ ಮಾಸ್ಟರ್ ಹಲ್ಲು ಕೇಳಿದಾಗ ಮೇಡಂ ನನ್ನ ಪರ ನಿಂತು, "ಸರ್, ಅದು ಏನು ತಿನ್ನುತ್ತೆ ಅಂತ ಮಕ್ಕಳು ಹಲ್ಲು ನೋಡೇ ಹೇಳಬೇಕು" ಅಂದರು. ಅಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಇನ್ನು ಈ ಮೀನಿಗೆ ಏನೇನು ಇಲ್ಲ ಅನ್ನುವುದು. ಹುರುಪೆ ಇಲ್ಲ. ಪಕ್ಕೆಲುಬು ಇಲ್ಲ. ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಇಲ್ಲ. ಕಿವಿರು ಮುಚ್ಚುವ ಮೂಳೆಯ ತಟ್ಟೆ ಇಲ್ಲ. ಬೇರೆ ಮೀನುಗಳು ನೀರಿನಲ್ಲಿ ತೇಲಲು ಬಳಸುವ ಗಾಳಿಚೀಲ ಕೂಡ ಇಲ್ಲ. ಎದೆಯ ಬಳಿಯ ಎರಡು ರೆಕ್ಕೆ ಇವೆ, ಆದರೆ ಇದ್ದೂ ಇಲ್ಲದಷ್ಟು ಚಿಕ್ಕವು. ಮೂಳೆ ತೆಳು, ಸ್ನಾಯು ಕಡಿಮೆ. ಜೋರಾಗಿ ಈಜುವ ಮೈಯಲ್ಲ. ಚಿತ್ರಕಾರನಿಗೆ ಇದರಿಂದ ಒಂದು ಅನುಕೂಲ ಇದೆ, ಒಂದು ಕಷ್ಟವೂ ಇದೆ. ಅನುಕೂಲ ಅಂದರೆ ಗೆರೆ ಕಡಿಮೆ. ಕಷ್ಟ ಅಂದರೆ ನಾವು ಮೀನು ಬರೆಯುವಾಗ ಹುರುಪೆ, ರೆಕ್ಕೆ, ಕಿವಿರಿನ ಗೆರೆ, ಇವುಗಳಿಂದಲೇ ಅದು ಮೀನು ಅಂತ ತೋರಿಸುತ್ತೇವೆ ಅಲ್ವಾ? ಅವೆಲ್ಲ ಇಲ್ಲದೆ ಬರೀ ಹೊರಗೆರೆಯ ಮೇಲೆ ನಿಲ್ಲಬೇಕು. ಬೆನ್ನ ಮೇಲೆ ಉದ್ದಕ್ಕೆ ಹೋಗುವ ಒಂದು ತೆಳು ರೆಕ್ಕೆ ಮಾತ್ರ ಕೈಗೆ ಸಿಗುತ್ತದೆ.

ಕಣ್ಣು ತೀರಾ ಸಣ್ಣದು. ಅದೂ ಎಲ್ಲಿ? ಮೂತಿಯ ತುದಿಯ ಹತ್ತಿರ. ನಾವು ರೂಢಿಯಂತೆ ಬಾಯಿಯ ಮೂಲೆಯ ಮೇಲ್ಗಡೆ ಕಣ್ಣು ಇಡುತ್ತೇವೆ, ಇದಕ್ಕೆ ಹಾಗಿಡುವಂತಿಲ್ಲ. ಉದ್ದ ದವಡೆಯ ಮುಂತುದಿಯಲ್ಲಿ ಒಂದು ಚುಕ್ಕಿ, ಅಷ್ಟೇ. ಮೈಯ ಎರಡೂ ಪಕ್ಕದಲ್ಲಿ ನೀರಿನ ಅಲುಗಾಟ ಗುರುತಿಸುವ ಅಂಗಗಳ ಸಾಲು ಇರುತ್ತದೆ. ಹೆಚ್ಚಿನ ಮೀನುಗಳಲ್ಲಿ ಅದು ಚರ್ಮದ ಒಳಗಿನ ಕಾಲುವೆಯಲ್ಲಿ ಹುದುಗಿರುತ್ತದೆ. ಇದರಲ್ಲಿ ಚರ್ಮದಿಂದ ಹೊರಗೆ ಚಾಚಿಕೊಂಡಿದೆ. ಹತ್ತಿರದಲ್ಲಿ ಏನಾದರೂ ಒಂದಿಷ್ಟು ಮಿಸುಕಿದರೂ ಆ ಚಾಚುಗಳಿಗೆ ತಿಳಿಯುತ್ತದೆ. ಬಾಲದ ತುದಿಯಲ್ಲಿ ಬೆಳಕು ಕೊಡುವ ಒಂದು ಅಂಗ. ನಸುಗೆಂಪಾಗಿ ಹೊಳೆಯುತ್ತದೆ, ನಡುನಡುವೆ ಕೆಂಪಗೆ ಮಿಂಚುತ್ತದೆ ಅಂತ ವಿವರಿಸಿದ್ದಾರೆ. ಬೇಟೆಯನ್ನು ಸೆಳೆಯಲು ಇರಬಹುದು ಅನ್ನುವುದು ವಿಜ್ಞಾನಿಗಳ ಊಹೆ. ಬೆಳಕು ಬಾಲದ ತುದಿಯಲ್ಲಿ, ಬಾಯಿ ಇನ್ನೊಂದು ತುದಿಯಲ್ಲಿ, ಮೈ ಬಳುಕಿಸಿ ಬಾಲವನ್ನು ಮುಂದೆ ತಂದರೆ ಮಾತ್ರ ಎರಡೂ ಹತ್ತಿರ ಬರುತ್ತವೆ. ಅದಕ್ಕೇ ನಾನು ಮೀನನ್ನು ನೇರ ಕೋಲಿನಂತೆ ಬರೆಯದೆ ಬಾಲವನ್ನು ಸುತ್ತಿ ಬಾಯಿಯ ಎದುರಿಗೆ ತಂದೆ.

ಈಗ ಜಾಗದ ವಿಷಯಕ್ಕೆ ಬರುತ್ತೇನೆ. ಹತ್ತಡಿ ಗೋಡೆ ಅಂದರೆ ಸುಮಾರು 300 ಸೆಂಟಿಮೀಟರ್. ಒಂದು ಸೆಂಟಿಮೀಟರಿಗೆ ಹತ್ತು ಮೀಟರ್ ಆಳ ಅಂತ ಲೆಕ್ಕ ಹಾಕಿದೆ. ಗೋಡೆಯ ಮೇಲಂಚು ಸಮುದ್ರದ ಮೇಲ್ಮೈ, ಕೆಳಂಚು 3000 ಮೀಟರ್. ಈ ಸ್ಕೇಲು ಎಷ್ಟು ಚೆನ್ನಾಗಿ ಕೂತಿತು ಅಂದರೆ, ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದ ಹಾಗೂ ಒತ್ತಡ ಒಂದು ವಾತಾವರಣದಷ್ಟು, ಅಂದರೆ ಸಮುದ್ರ ಮಟ್ಟದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು, ಹೆಚ್ಚುತ್ತದೆ. ಅಂದರೆ ಗೋಡೆ ಮೇಲೆ ಒಂದೊಂದು ಸೆಂಟಿಮೀಟರಿಗೂ ಒಂದೊಂದು ವಾತಾವರಣ. ಮಕ್ಕಳು ಸ್ಕೇಲ್ ಪಟ್ಟಿ ಇಟ್ಟು ಅಳೆದರೆ ಒತ್ತಡ ಎಷ್ಟು ಅಂತ ತಾವೇ ಹೇಳಬಹುದು. ಮೇಡಂಗೆ ಇದು ಬಹಳ ಇಷ್ಟ ಆಯಿತು. ಬಲಗಡೆ ಅಂಚಿನಲ್ಲಿ ಮೇಲಿಂದ ಕೆಳಗೆ ಅಳತೆಯ ಪಟ್ಟಿ ಬರೆಸಿದರು.

ಈ ಲೆಕ್ಕದಲ್ಲಿ ಗಿಡ ಪಾಚಿ ಬೆಳೆಯುವಷ್ಟು ಬೆಳಕು ಸಿಗುವುದು ಮೇಲಿನ 200 ಮೀಟರ್ ಮಾತ್ರ. ಗೋಡೆಯಲ್ಲಿ ಅದು 20 ಸೆಂಟಿಮೀಟರ್, ಒಂದು ಗೇಣಿನಷ್ಟು. ಅಲ್ಲಿಂದ 1000 ಮೀಟರ್ ತನಕ ಮಬ್ಬು, ಕೆಳಗೆ ಹೋದಷ್ಟೂ ಕಡಿಮೆ. ಅದರ ಕೆಳಗೆ ಸೂರ್ಯನ ಬೆಳಕು ಅನ್ನುವುದೇ ಇಲ್ಲ. ಅಂದರೆ ಗೋಡೆಯ ಮೂರನೇ ಎರಡು ಭಾಗ ಪೂರಾ ಕತ್ತಲು. ನೀರಿನ ಉಷ್ಣತೆ ಅಲ್ಲಿ ಹೆಚ್ಚಿನ ಕಡೆ ನಾಲ್ಕು ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೆಳಕಿಲ್ಲ ಅಂದಮೇಲೆ ಗಿಡ ಇಲ್ಲ, ಗಿಡ ಇಲ್ಲ ಅಂದಮೇಲೆ ಅಲ್ಲಿನ ಊಟವೆಲ್ಲ ಮೇಲಿಂದಲೇ ಬರಬೇಕು. ಸತ್ತ ಜೀವಿಗಳ ಚೂರು, ಮಲ, ಲೋಳೆ, ಇವೆಲ್ಲ ಸೇರಿ ಸಣ್ಣ ಸಣ್ಣ ಚಕ್ಕೆಯಾಗಿ ಸದಾ ಕೆಳಗೆ ಇಳಿಯುತ್ತಿರುತ್ತವೆ. ಸಮುದ್ರ ಹಿಮ ಅಂತ ಅದಕ್ಕೆ ಹೆಸರು. ದಾರಿಯಲ್ಲೇ ಹೆಚ್ಚಿನದನ್ನು ಬೇರೆ ಜೀವಿಗಳು ತಿಂದು ಮುಗಿಸುತ್ತವೆ. ಆಳಕ್ಕೆ ಮುಟ್ಟುವುದು ತೀರಾ ಸ್ವಲ್ಪ. ಅದನ್ನು ನಂಬಿಕೊಂಡು ಬದುಕುವ ಜೀವಿಗಳೂ ಅಲ್ಲೊಂದು ಇಲ್ಲೊಂದು.

ಈಗ ಮೀನಿನ ಮೈ ಮತ್ತೆ ನೋಡಿ. ಊಟ ಯಾವಾಗ ಸಿಗುತ್ತದೋ ಗೊತ್ತಿಲ್ಲ, ಹಾಗಾಗಿ ಸಿಕ್ಕಾಗ ಚಿಕ್ಕದಿರಲಿ ದೊಡ್ಡದಿರಲಿ ಬಿಡದೆ ತುಂಬಿಕೊಳ್ಳುವ ಬಾಯಿ. ಅಟ್ಟಿಸಿಕೊಂಡು ಹೋಗುವಷ್ಟು ಶಕ್ತಿ ಖರ್ಚು ಮಾಡುವಂತಿಲ್ಲ, ಹಾಗಾಗಿ ಸ್ನಾಯು ಕಡಿಮೆ, ಮೂಳೆ ಹಗುರ. ನೂರಾರು ವಾತಾವರಣದ ಒತ್ತಡದಲ್ಲಿ ಗಾಳಿಚೀಲ ತುಂಬಿಟ್ಟುಕೊಳ್ಳುವುದು ಭಾರಿ ಖರ್ಚಿನ ಬಾಬತ್ತು, ಅದೂ ಇಲ್ಲ. ನೋಡಲು ಹೆಚ್ಚೇನೂ ಇಲ್ಲ, ಕಣ್ಣು ಚಿಕ್ಕದಾದರೂ ನಡೆಯುತ್ತದೆ. ನೀರಿನ ಅಲುಗಾಟ ಮಾತ್ರ ತಪ್ಪದೆ ಗೊತ್ತಾಗಬೇಕು. ಒಂದೊಂದು ಅಂಗಕ್ಕೂ ಆ ಜಾಗದಲ್ಲೇ ಕಾರಣ ಇದೆ. ಇದನ್ನು ತಿಳಿದುಕೊಂಡ ಮೇಲೆ ನನಗೆ ಈ ಮೀನು ವಿಕಾರ ಅನ್ನಿಸಲೇ ಇಲ್ಲ. ತುಂಬ ಅಚ್ಚುಕಟ್ಟಾದ ಮೈ ಅದು.

ಇಷ್ಟೆಲ್ಲ ಹೇಳಿ ಪೆನ್ಸಿಲ್ ಡ್ರಾಯಿಂಗ್ ತೋರಿಸಿದಾಗ ಹೆಡ್ ಮಾಸ್ಟರ್ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ರೀ, ಇಷ್ಟೊಂದು ಜಾಗ ಖಾಲಿ ಬಿಟ್ರೆ ದುಡ್ಡು ಕೊಟ್ಟೋರು ಏನಂತಾರೆ? ಖಾಲಿ ಜಾಗಕ್ಕೂ ಚದರಡಿ ರೇಟೇನು?"

ನ್ಯಾಯವಾದ ಪ್ರಶ್ನೆ. ನಮ್ಮ ಕೆಲಸ ಚದರಡಿ ಲೆಕ್ಕದ್ದೇ. ನಾನು ಹೇಳಿದೆ, "ಸರ್, ಆ ಕತ್ತಲೇ ಜಾಸ್ತಿ ಕೆಲಸ. ತಿಳಿ ನೀಲಿಯಿಂದ ಕಪ್ಪಿನ ತನಕ ಎಲ್ಲೂ ಪಟ್ಟೆ ಕಾಣದ ಹಾಗೆ ಇಳಿಸಬೇಕು. ಮೀನು ಬರೆಯೋಕೆ ಅಷ್ಟು ಹೊತ್ತು ಹಿಡಿಯೋದಿಲ್ಲ." ಅವರು ಪೂರ್ತಿ ಒಪ್ಪಲಿಲ್ಲ. ಆಗ ಒಂದು ಮಾತಿಗೆ ಬಂದೆವು: ಅವರು ಕೇಳಿದ ಹವಳ, ಆಮೆ, ಬಣ್ಣದ ಮೀನು ಎಲ್ಲ ಬರುತ್ತವೆ, ಆದರೆ ಮೇಲಿನ ಆ 20 ಸೆಂಟಿಮೀಟರಿನಲ್ಲಿ ಮಾತ್ರ, ಪುಟ್ಟ ಪುಟ್ಟದಾಗಿ. ಬೆಳಕು ಇರುವ ಕಡೆ ಜೀವಿಗಳ ಗಿಜಿಗಿಜಿ, ಕೆಳಗೆ ಇಳಿದಂತೆ ಖಾಲಿ. ಇದು ಅವರಿಗೂ ಹಿಡಿಸಿತು, ಚಿತ್ರಕ್ಕೂ ಒಳ್ಳೆಯದಾಯಿತು. ಮೇಲಿನ ಗಿಜಿಗಿಜಿ ಇರುವುದರಿಂದಲೇ ಕೆಳಗಿನ ಖಾಲಿ ಎದ್ದು ಕಾಣುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಹೇಳುವುದು ಇಷ್ಟೇ, ಕೊಟೇಶನ್ ಬರೆಯುವಾಗಲೇ ಹಿನ್ನೆಲೆಯ ಕೆಲಸವನ್ನು ಬೇರೆ ಸಾಲಿನಲ್ಲಿ ತೋರಿಸಿ. ಎಷ್ಟು ಕೋಟು, ಯಾವ ಪೇಂಟು, ಯಾಕೆ ಅಂತ ಬರೆಯಿರಿ. ಆಮೇಲೆ ವಾದ ಮಾಡುವುದಕ್ಕಿಂತ ಅದು ಸಲೀಸು.

ಗೋಡೆಯ ಕೆಲಸ ಹೇಗೆ ನಡೆಯಿತು ಅಂದರೆ, ಪುಟ್ಟಿ, ಪ್ರೈಮರ್ ಆದಮೇಲೆ ಮೂರು ಕೋಟು ಮ್ಯಾಟ್ ಎಮಲ್ಷನ್. ಶಾಲೆಗಳಲ್ಲಿ ಗೋಡೆಯ ಕೆಳಗಿನ ನಾಲ್ಕು ಅಡಿಗೆ ಆಯಿಲ್ ಪೇಂಟ್ ಹೊಡೆಯುವುದು ವಾಡಿಕೆ, ಮಕ್ಕಳ ಕೈ ತಾಗಿ ಕೊಳೆಯಾದರೆ ಒರೆಸಬಹುದು ಅಂತ. ಆದರೆ ಇಲ್ಲಿ ಕೆಳಗಿನ ಭಾಗವೇ ಗಾಢ ಕತ್ತಲು. ಆಯಿಲ್ ಪೇಂಟಿನ ಕಪ್ಪು ಹೊಳೆಯುತ್ತದೆ, ಎದುರಿನ ಕಿಟಕಿಯ ಬಿಂಬ ಪೂರ್ತಿ ಅದರಲ್ಲಿ ಕಾಣುತ್ತದೆ, ಕತ್ತಲು ಕತ್ತಲಾಗಿ ಉಳಿಯುವುದಿಲ್ಲ. ಅದಕ್ಕೆ ತೊಳೆಯಬಹುದಾದ ಮ್ಯಾಟ್ ಎಮಲ್ಷನ್ನೇ ಕೆಳಗಿನ ತನಕ ಹಾಕಿ, ಗೋಡೆಯಿಂದ ಒಂದಡಿ ಈಚೆಗೆ ಬೆಂಚು ಸಾಲಾಗಿ ಇಡಲು ಹೇಳಿದೆ. ಬಣ್ಣ ಬೆರೆಸುವಾಗ ಬರೀ ಕಪ್ಪು ಹಾಕಬೇಡಿ. ನೀಲಿಗೆ ಕಪ್ಪು ಸ್ಟೇನರ್, ಜೊತೆಗೆ ಒಂಚೂರು ಕಂದು. ಒಣಗುವ ಮೊದಲೇ ಒದ್ದೆ ಸ್ಪಂಜಿನಲ್ಲಿ ಎರಡು ಬಣ್ಣದ ಅಂಚು ತಟ್ಟುತ್ತಾ ಹೋಗಬೇಕು. ಚಿತ್ರದುರ್ಗದ ಬೇಸಿಗೆಯಲ್ಲಿ ಪೇಂಟು ಬೇಗ ಎಳೆದುಕೊಳ್ಳುತ್ತದೆ, ಹಾಗಾಗಿ ಫ್ಯಾನ್ ಆಫ್ ಮಾಡಿ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡಿದೆವು. ನನ್ನ ಜೊತೆಗಿರುವ ಹುಡುಗ ಬೆವರು ಸುರಿಸಿಕೊಂಡು ಸಾರುವೆ ಮೇಲೆ ನಿಂತು ಸ್ಪಂಜ್ ಹಿಡಿದದ್ದಕ್ಕೇ ಆ ಗೋಡೆ ಅಷ್ಟು ನುಣ್ಣಗೆ ಬಂದದ್ದು.

ಅಳತೆಯ ವಿಷಯದಲ್ಲಿ ಒಂದು ತೊಡಕು ಇತ್ತು. ಆಳದ ಸ್ಕೇಲಿನಲ್ಲೇ ಮೀನನ್ನೂ ಬರೆದರೆ ಅದು ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಹತ್ತಡಿ ಬರೆದರೆ ಮಕ್ಕಳು ಅದನ್ನು ತಿಮಿಂಗಿಲದಷ್ಟು ದೊಡ್ಡದು ಅಂದುಕೊಂಡು ಮನೆಗೆ ಹೋಗುತ್ತಾರೆ. ಹಾಗಾಗಿ ಮೀನನ್ನು ನಿಜವಾದ ಗಾತ್ರದಲ್ಲಿ, ಮುಕ್ಕಾಲು ಮೀಟರಿಗೇ ಬರೆದು, ಪಕ್ಕದಲ್ಲಿ "ಮೀನು ನಿಜ ಗಾತ್ರದಲ್ಲಿದೆ, ಆಳ ಮಾತ್ರ ಕುಗ್ಗಿಸಿದೆ" ಅಂತ ಸ್ಪಷ್ಟವಾಗಿ ಬರೆದೆವು. ಒಂದೇ ಗೋಡೆಯಲ್ಲಿ ಎರಡು ಸ್ಕೇಲು ಇದ್ದರೆ ಅದನ್ನು ಬರೆದೇ ತಿಳಿಸಬೇಕು, ನೋಡಿದವರು ಊಹಿಸಿಕೊಳ್ಳಲಿ ಅಂತ ಬಿಡಬಾರದು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬಂದು ಮೀನಿನ ಪಕ್ಕ ತನ್ನ ಕೈ ಚಾಚಿ ಅಳತೆ ನೋಡಿ, "ಇಷ್ಟೇನಾ ಅಣ್ಣಾ?" ಅಂದಳು. ಇಷ್ಟೇ. ಇಷ್ಟು ಹಗುರವಾದ ಜೀವ ಅಂಥ ಒತ್ತಡದಲ್ಲಿ ನೆಮ್ಮದಿಯಾಗಿ ಇದೆ ಅನ್ನುವುದೇ ನನಗೆ ದೊಡ್ಡ ವಿಷಯ. ಅದಕ್ಕೆ ಮೈಯಲ್ಲಿ ಗಾಳಿ ತುಂಬಿದ ಚೀಲ ಇಲ್ಲ, ಮೈಯೆಲ್ಲ ನೀರು, ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಸಮ. ಮೇಡಂ ಇದನ್ನು ವಿವರಿಸುವಾಗ ನಾನೂ ಬ್ರಷ್ ಕೆಳಗಿಟ್ಟು ಕೇಳಿದೆ.

ನೋಡಿಕೊಂಡು ಬರೆಯಲು ಫೋಟೋ ಹುಡುಕುವುದು ಈ ಕೆಲಸದಲ್ಲಿ ಅರ್ಧ ಶ್ರಮ. ಈ ಮೀನು ಬಲೆಗೆ ಸಿಕ್ಕಿ ಮೇಲೆ ಬರುವಷ್ಟರಲ್ಲಿ ಮೆತ್ತನೆಯ ಮೈ ಹರಿದು ಮುದುಡಿರುತ್ತದೆ. ಮ್ಯೂಸಿಯಂ ಬಾಟಲಿಯಲ್ಲಿರುವ ಮೀನಿನ ಫೋಟೋಗಳಲ್ಲಿ ಬಣ್ಣ ಹೋಗಿ ಕಂದಾಗಿ, ಬಾಯಿಯ ಚರ್ಮ ಸುಕ್ಕಾಗಿ ಕಾಣುತ್ತದೆ. ಅದನ್ನೇ ನೋಡಿ ಬರೆದರೆ ಸತ್ತ ಮೀನಿನ ಚಿತ್ರ ಆಗುತ್ತದೆ. ದವಡೆಯ ಉದ್ದ, ಬಾಲದ ಉದ್ದ ತಿಳಿಯಲು ಅವು ಸಾಕು. ಚಲನೆಗೆ ಜೀವಂತ ಮೀನಿನ ವಿಡಿಯೋನೇ ಬೇಕು. 2018ರಲ್ಲಿ ನಾಟಿಲಸ್ ಅನ್ನುವ ಸಂಶೋಧನಾ ಹಡಗಿನವರು ಹವಾಯಿ ಬಳಿಯ ರಕ್ಷಿತ ಸಾಗರ ಪ್ರದೇಶದಲ್ಲಿ ನೀರೊಳಗಿನ ಯಂತ್ರದ ಕ್ಯಾಮೆರಾದಲ್ಲಿ ಒಂದು ಎಳೆಯ ಗಲ್ಪರ್ ಈಲ್ ಚಿತ್ರೀಕರಿಸಿದ್ದರು. ಮೊದಲು ತಲೆ ದುಂಡಗೆ ಉಬ್ಬಿಕೊಂಡು ಬೇರೆ ಏನೋ ಜೀವಿ ಅನ್ನುವ ಹಾಗಿರುತ್ತದೆ. ನೋಡುತ್ತಿದ್ದಂತೆ ಬಾಯಿ ತೆರೆದುಕೊಂಡು, ಉಬ್ಬು ಇಳಿದು, ಹಿಂದೆ ಉದ್ದ ಬಾಲ ಕಾಣುತ್ತದೆ. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಮೂರು ಸ್ಥಿತಿಗಳನ್ನು ತೆಗೆದುಕೊಂಡೆ: ಉಬ್ಬಿದ್ದು, ಅರ್ಧ ಇಳಿದದ್ದು, ಬಾಯಿ ಮುಚ್ಚಿ ಹೊರಟದ್ದು. ಗೋಡೆ ಮೇಲೆ ಮೂರೂ ಇವೆ, ಒಂದರಿಂದ ಒಂದು ದೂರ ದೂರ. ಮೂರೂ ಒಂದೇ ಮೀನು ಅಂತ ತೋರಿಸಲು ನಡುವೆ ಸಣ್ಣ ಚುಕ್ಕಿಗಳ ಗೆರೆ ಎಳೆದಿದ್ದೇನೆ, ಇಲ್ಲದಿದ್ದರೆ ಅಲ್ಲಿ ಮೀನುಗಳ ಗುಂಪೇ ಇದೆ ಅನ್ನಿಸಿಬಿಡುತ್ತದೆ.

ಕಪ್ಪು ಮೀನನ್ನು ಕಪ್ಪು ನೀರಿನಲ್ಲಿ ಹೇಗೆ ತೋರಿಸುವುದು? ಇದಕ್ಕೆ ಉತ್ತರವೂ ಅಲ್ಲಿನ ವಾಸ್ತವದಲ್ಲೇ ಸಿಕ್ಕಿತು. ಆಳದಲ್ಲಿ ಈ ಮೀನನ್ನು ಮನುಷ್ಯರು ನೋಡಿರುವುದೆಲ್ಲ ಯಂತ್ರದ ದೀಪದ ಬೆಳಕಿನಲ್ಲಿ. ಹಾಗಾಗಿ ಬೆಳಕು ಒಂದೇ ಕಡೆಯಿಂದ, ಎಡಗಡೆಯಿಂದ ಬೀಳುವ ಹಾಗೆ ಇಟ್ಟುಕೊಂಡೆ. ಹಿನ್ನೆಲೆ ನೀಲಿಗಪ್ಪು, ಮೀನು ಪೂರ್ತಿ ಕಪ್ಪು, ಎಡಗಡೆಯ ಅಂಚಿಗೆ ಮಾತ್ರ ಸಣ್ಣ ಬ್ರಷ್ಷಿನಲ್ಲಿ ಬೂದು ಬಣ್ಣದ ಕೂದಲೆಳೆ ಗೆರೆ. ಆಳಸಮುದ್ರದ ಕೆಲವು ಮೀನುಗಳ ಚರ್ಮ ಎಷ್ಟು ಕಪ್ಪು ಅಂದರೆ ಬಿದ್ದ ಬೆಳಕಿನಲ್ಲಿ ಶೇಕಡ 0.5ಕ್ಕಿಂತ ಕಡಿಮೆ ವಾಪಸ್ ಬರುತ್ತದೆ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಂಥ 16 ಜಾತಿಗಳನ್ನು ಗುರುತಿಸಿದ್ದರು. ಮೈಯಿಂದಲೇ ಬೆಳಕು ಚೆಲ್ಲುವ ಬೇಟೆಗಾರರು ಸುತ್ತ ಇರುವಾಗ ಹೊಳೆಯದ ಮೈ ಇದ್ದರೆ ಬಚಾವು. ನಮ್ಮ ಡಬ್ಬಿಯ ಯಾವ ಕಪ್ಪು ಪೇಂಟೂ ಅದರ ಹತ್ತಿರ ಬರುವುದಿಲ್ಲ.

ಬಾಲದ ಬೆಳಕಿಗೆ ಹೆಡ್ ಮಾಸ್ಟರ್ "ರೇಡಿಯಂ ಹಾಕ್ರಿ, ರಾತ್ರಿ ಹೊಳೀಲಿ" ಅಂದರು. ಕತ್ತಲಲ್ಲಿ ಹೊಳೆಯುವ ಪೇಂಟು ಅಂಗಡಿಯಲ್ಲಿ ಹಸಿರು ಛಾಯೆಯಲ್ಲಿ ಸಿಗುತ್ತದೆ, ಈ ಮೀನಿನ ಬೆಳಕು ನಸುಗೆಂಪು. ಬಿಳಿಗೆ ಮೆಜೆಂಟಾ ಸೇರಿಸಿ ಒಂದು ಚುಕ್ಕಿ, ಅದರ ಸುತ್ತ ಒಣ ಬ್ರಷ್ಷಿನಲ್ಲಿ ತೆಳುವಾಗಿ ಹರಡಿದ ಅದೇ ಬಣ್ಣ. ಇಡೀ ಕೆಳಭಾಗದಲ್ಲಿ ಇರುವ ಬಣ್ಣ ಅದೊಂದೇ. ಕೋಣೆಯ ಬಾಗಿಲಿನಿಂದ ಒಳಗೆ ಬಂದವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ, ಆಮೇಲೆ ಬಾಲ ಹಿಡಿದುಕೊಂಡು ಬಾಯಿಗೆ ಬರುತ್ತದೆ.

ಮೇಲಿನ ಭಾಗದಲ್ಲಿ, 100 ರಿಂದ 200 ಮೀಟರಿನ ಗುರುತಿನ ನಡುವೆ, ಈ ಮೀನಿನ ಮರಿಯನ್ನೂ ಬರೆದೆ. ಎಲ್ಲ ನಿಜವಾದ ಈಲ್‌ಗಳ ಹಾಗೆ ಇದರ ಮರಿಯೂ ಗಾಜಿನಂತೆ ಪಾರದರ್ಶಕ, ಎಲೆಯ ಆಕಾರ. ಲೆಪ್ಟೋಸೆಫಾಲಸ್ ಅಂತ ಹೆಸರು. ಹುಟ್ಟಿನ ಮೊದಲ ಕಾಲ ಮೇಲಿನ ನೀರಿನಲ್ಲಿ ಕಳೆದು, ಬೆಳೆದಂತೆ ಆಳಕ್ಕೆ ಇಳಿಯುತ್ತದೆ. ಗಂಡು ಮೀನು ಪ್ರಾಯಕ್ಕೆ ಬಂದಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ. ಮೂಗಿನ ಅಂಗ ದೊಡ್ಡದಾಗುತ್ತದೆ, ಹಲ್ಲು ಮತ್ತು ದವಡೆ ಕ್ಷೀಣಿಸುತ್ತವೆ. ಅಷ್ಟು ದೊಡ್ಡ ಕತ್ತಲಲ್ಲಿ ಹೆಣ್ಣನ್ನು ವಾಸನೆಯಿಂದ ಹುಡುಕಬೇಕು, ಊಟದ ಬಾಬತ್ತು ಮುಗಿಯಿತು. ಇದನ್ನು ಗೋಡೆ ಮೇಲೆ ತರಲು ಜಾಗ ಇದ್ದರೂ ಬರೆಯಲಿಲ್ಲ. ನಂಬಿಕೆ ಇಡಬಹುದಾದ ಒಂದು ಫೋಟೋ ನನ್ನ ಕೈಗೆ ಸಿಗಲಿಲ್ಲ.

ಗೋಡೆಯ ಕೆಳಂಚಿಗೆ ಏನಾದರೂ ಬೇಕು ಅಂತ ಎಲ್ಲರಿಗೂ ಇತ್ತು. ಇಲ್ಲೂ ಎಚ್ಚರ ಬೇಕು. ಗಲ್ಪರ್ ಈಲ್ ತಳದ ಮೀನಲ್ಲ, ನಡುನೀರಿನದು. ತಳದ ಕಲ್ಲಿಗೆ ತಾಗಿಸಿ ಬರೆದರೆ ಅರ್ಥ ಕೆಡುತ್ತದೆ. ಮೀನಿನಿಂದ ಸಾಕಷ್ಟು ಕೆಳಗೆ, ನೆಲಕ್ಕೆ ತಾಗಿದಂತೆ, ದಿಂಬಿನ ಆಕಾರದ ಲಾವಾ ಕಲ್ಲುಗಳನ್ನು ಬರೆದೆವು. ಈ ಕಲ್ಲು ನಮ್ಮ ಜಿಲ್ಲೆಯ ಮಕ್ಕಳಿಗೆ ಹೊಸದಲ್ಲ. ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ ಇವು ಬಯಲಲ್ಲೇ ಬಿದ್ದಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಬಿಸಿ ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ಥಟ್ಟನೆ ತಣ್ಣಗಾದಾಗ ಈ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷದ ಹಿಂದೆ ಈ ಜಾಗ ನೀರಿನಡಿ ಇತ್ತು ಅನ್ನುವುದಕ್ಕೆ ಸಾಕ್ಷಿ ಅದು. ಈಗ ಚಿತ್ರದುರ್ಗ ಸಮುದ್ರ ಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಇವತ್ತಿಗೂ ಸಮುದ್ರದ ತಳದಲ್ಲಿ ಲಾವಾ ಉಕ್ಕುವ ಕಡೆ ಇಂಥದೇ ಕಲ್ಲುಗಳು ಆಗುತ್ತಿವೆ. ಮರಡಿಹಳ್ಳಿಗೆ ಹೋಗಿ ಬಂಡೆ ಪಕ್ಕ ಕೂತು ಸ್ಕೆಚ್ ಮಾಡಿಕೊಂಡು ಬಂದೆ. ಒಂದರ ಮೇಲೊಂದು ಒರಗಿದ ಉಬ್ಬುಗಳು, ಮೇಲಿನ ಕಲ್ಲು ಕೆಳಗಿನ ಎರಡರ ಸಂದಿಗೆ ಇಳಿದು ಕೂತಿರುವುದು, ಅಂಚಿನಲ್ಲಿ ಬೇರೆ ಛಾಯೆಯ ತೊಗಟೆ, ಇವೆಲ್ಲ ಫೋಟೋದಲ್ಲಿ ಅಷ್ಟು ತಿಳಿಯುವುದಿಲ್ಲ.

"ಹಂಗಾದ್ರೆ ಈ ಮೀನು ಆವಾಗ ನಮ್ಮೂರಲ್ಲಿ ಇತ್ತಾ ಅಣ್ಣಾ?" ಅಂತ ಒಬ್ಬ ಹುಡುಗ ಕೇಳಿದ. ಮೇಡಂ ಅವನನ್ನು ಕೂರಿಸಿಕೊಂಡು ಹೇಳಿದರು. ಆ ಲಾವಾ ಉಕ್ಕಿದಾಗ ಭೂಮಿಯ ಮೇಲೆ ಮೀನು ಅನ್ನುವುದೇ ಇರಲಿಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಮೀನುಗಳು ಬಂದದ್ದು ಸುಮಾರು 50 ಕೋಟಿ ವರ್ಷದಿಂದ ಈಚೆಗೆ. ಕಲ್ಲಿನ ಪಕ್ಕ ಈ ವಿಷಯವನ್ನೂ ಎರಡು ಸಾಲಿನಲ್ಲಿ ಬರೆಸಿದರು. ಮಕ್ಕಳ ಪ್ರಶ್ನೆ ಬಂದಾಗ ಅದನ್ನು ಗೋಡೆಗೆ ಸೇರಿಸಲು ಸ್ವಲ್ಪ ಜಾಗ ಇಟ್ಟುಕೊಳ್ಳುವುದು ಒಳ್ಳೆಯದು, ಆವತ್ತಿನಿಂದ ನಾನು ಪ್ರತಿ ಗೋಡೆಯಲ್ಲೂ ಒಂದು ಮೂಲೆ ಹಾಗೆ ಬಿಡುತ್ತೇನೆ.

ಇನ್ನೊಂದು ಪ್ರಶ್ನೆ ಹೊಳೆಯ ಹಾವುಮೀನಿನ ಬಗ್ಗೆ ಬಂತು. ನಮ್ಮ ಕಡೆ ಹೊಳೆ, ಕೆರೆಯಲ್ಲಿ ಹಾವುಮೀನು ಅಂತ ಹಿಡಿಯುವುದರಲ್ಲಿ ಬೆನ್ನ ಮೇಲೆ ಸಾಲಾಗಿ ಮುಳ್ಳು ಇರುವುದು ನಿಜವಾದ ಈಲ್ ಅಲ್ಲ, ಅದರ ಬಳಗ ಬೇರೆ. ಮುಳ್ಳಿಲ್ಲದ, ನುಣ್ಣನೆ ಮೈಯ, ಆಂಗ್ವಿಲ್ಲ ಬಳಗದ್ದು ನಿಜವಾದ ಈಲ್. ಅದು ಸಿಹಿನೀರಿನಲ್ಲಿ ಬೆಳೆದು ಮೊಟ್ಟೆ ಇಡಲು ಸಮುದ್ರಕ್ಕೆ ಹೋಗುತ್ತದೆ. 2010ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನ ಇನ್ನೂ ಚೆನ್ನಾಗಿರುವ ವಿಷಯ ಹೇಳಿತು. ಈ ಸಿಹಿನೀರಿನ ಈಲ್‌ಗಳಿಗೆ ಹತ್ತಿರದ ನೆಂಟರು ತೀರದ ಈಲ್‌ಗಳಲ್ಲ, ಆಳಸಮುದ್ರದ ನಡುನೀರಿನಲ್ಲಿರುವ ಗಲ್ಪರ್ ಮತ್ತು ಸ್ನೈಪ್ ಈಲ್‌ಗಳು. ಹೊಳೆಗೆ ಬಂದವರ ಮೂಲ ಆಳದಲ್ಲೇ ಇದೆ. ಹರಿಹರದ ಕಡೆಯಿಂದ ಬರುವ ಒಬ್ಬ ಮೇಷ್ಟ್ರು ಇದನ್ನು ಕೇಳಿ, ನಮ್ಮ ಶಾಲೆಗೂ ಒಂದು ಗೋಡೆ ಮಾಡಿಕೊಡಿ, ಹೊಳೆ ದಂಡೆಯ ಊರು ನಮ್ಮದು ಅಂದರು.

ಆ ಕೆಲಸ ಈಗ ಶುರುವಾಗಬೇಕು. ಮೀನು ಸ್ನೈಪ್ ಈಲ್. ಉದ್ದ ಒಂದು ಮೀಟರ್ ದಾಟುತ್ತದೆ, ಮೈ ಮಾತ್ರ ದಾರದಷ್ಟು ಸಪೂರ. ಬೆನ್ನುಮೂಳೆಯ ಮಣಿಗಳು ಸುಮಾರು 750 ತನಕ ಇರುತ್ತವೆ, ಬೆನ್ನುಮೂಳೆ ಇರುವ ಬೇರೆ ಯಾವ ಪ್ರಾಣಿಗೂ ಅಷ್ಟಿಲ್ಲ. ಗುದದ್ವಾರ ಗಂಟಲ ಹತ್ತಿರ ಇದೆ. ಮೇಲಿನ ಮತ್ತು ಕೆಳಗಿನ ದವಡೆ ತುದಿಯಲ್ಲಿ ಹೊರಕ್ಕೆ ಬಾಗಿ ಒಂದಕ್ಕೊಂದು ಸೇರುವುದೇ ಇಲ್ಲ. ಆ ತುದಿಗಳನ್ನು ಸೇರಿಸಿ ಬರೆಯಲು ಕೈ ತಾನಾಗಿ ಹೋಗುತ್ತದೆ, ಅದಕ್ಕೇ ದೊಡ್ಡ ಕಾಗದದ ಮೇಲೆ ಮೊದಲು ನಿಜ ಗಾತ್ರದಲ್ಲಿ ಬರೆದು ಅಭ್ಯಾಸ ಮಾಡುತ್ತಿದ್ದೇನೆ. ಗೋಡೆ ಎಂಟೇ ಅಡಿ ಎತ್ತರ, ಮಧ್ಯದಲ್ಲಿ ಒಂದು ಕಿಟಕಿ ಬೇರೆ ಇದೆ. ಸ್ಕೇಲು ಹೊಸದಾಗಿ ಹಾಕಬೇಕು, ಕಿಟಕಿ ಎಷ್ಟು ಮೀಟರ್ ಆಳದಲ್ಲಿ ಬರುತ್ತದೆ ಅಂತ ನೋಡಿ ಆಮೇಲೆ ಮೀನಿನ ಜಾಗ. ಈ ಸಲ ಕೊಟೇಶನ್ನಿನ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ಹಿನ್ನೆಲೆ, ಮೂರು ಕೋಟು, ಮ್ಯಾಟ್.